ಎಂಜಿನಿಯರಿಂಗ್‌ನಿಂದ ಕ್ವಾಂಟ್ ಫೈನಾನ್ಸ್‌ಗೆ: ಸ್ನಾತಕೋತ್ತರ ಓದಿನ ದಾರಿ ಹಿಡಿಯುವವರಿಗೆ ಸಮಗ್ರ ಮಾರ್ಗದರ್ಶಿ

ರಾಬರ್ಟ್ ಮರ್ಟನ್ ಮೊದಲು ಓದಿದ್ದು ಎಂಜಿನಿಯರಿಂಗ್ ಗಣಿತ. 1966ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆ ಪದವಿ ಪಡೆದು, ಮರುವರ್ಷ ಕ್ಯಾಲ್‌ಟೆಕ್‌ನಲ್ಲಿ ಅನ್ವಯಿಕ ಗಣಿತದ ಎಂ.ಎಸ್. ಮುಗಿಸಿ, ಅಲ್ಲಿಂದ ಎಂಐಟಿಗೆ ಹೋಗಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದರು. ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಆಪ್ಷನ್‌ಗೆ, ಅಂದರೆ ನಿಗದಿತ ಬೆಲೆಗೆ ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕಿಗೆ, ಬೆಲೆ ಕಟ್ಟುವ ಸೂತ್ರವನ್ನು 1973ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮರ್ಟನ್ ಆ ಸೂತ್ರಕ್ಕೆ ಗಟ್ಟಿಯಾದ ಗಣಿತದ ಬುನಾದಿ ಹಾಕಿಕೊಟ್ಟರು. 1997ರ ಅರ್ಥಶಾಸ್ತ್ರದ ನೊಬೆಲ್ ಶೋಲ್ಸ್ ಮತ್ತು ಮರ್ಟನ್ ಇಬ್ಬರಿಗೂ ಸಂದಿತು. ಬ್ಲ್ಯಾಕ್ 1995ರಲ್ಲೇ ತೀರಿಕೊಂಡಿದ್ದರು. ಅವರು ಮೊದಲು ಓದಿದ್ದು ಭೌತಶಾಸ್ತ್ರ. ಗಣಿತ, ದತ್ತಾಂಶ, ಕೋಡ್ ಬಳಸಿ ಹಣಕಾಸಿನ ಸಮಸ್ಯೆ ಬಿಡಿಸುವ ಕ್ವಾಂಟ್ ಫೈನಾನ್ಸ್ ಎಂಬ ಈ ಕ್ಷೇತ್ರವನ್ನು ಕಟ್ಟಿದವರಲ್ಲೇ ಅನೇಕರು ಹೊರಗಿನಿಂದ ಬಂದವರು. ಎಂಜಿನಿಯರಿಂಗ್ ಓದಿದವರು ಇಲ್ಲಿಗೆ ಬರಲು ಸಂಕೋಚಪಡಬೇಕಾದ್ದಿಲ್ಲ.

ಆದರೆ ಇವತ್ತಿನ ದಾರಿಯ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಈ ಲೇಖನದ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಮಾಸ್ಟರ್ಸ್ ಕೋರ್ಸ್ ಸೇರಿದ ಮೇಲೆ ಎಲ್ಲ ಕಲಿಯೋಣ ಎಂದುಕೊಂಡವರಿಗೆ ಅಲ್ಲಿ ಸಮಯ ಸಿಗುವುದಿಲ್ಲ. ಕೋರ್ಸ್ ಇರುವುದು ಹತ್ತು ತಿಂಗಳಿಂದ ಎರಡು ವರ್ಷ. ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವ ಕಾಲ ತರಗತಿ ಶುರುವಾದ ಕೆಲವೇ ವಾರಗಳಲ್ಲಿ, ಎಷ್ಟೋ ಸಲ ಅದಕ್ಕೂ ಮೊದಲೇ ಬಂದುಬಿಡುತ್ತದೆ. ಹಾಗಾಗಿ ನಿಜವಾದ ಓದು ನಡೆಯಬೇಕಾದದ್ದು ಸೇರುವ ಮುಂಚಿನ ಒಂದು, ಒಂದೂವರೆ ವರ್ಷದಲ್ಲಿ. ಈ ಮಾರ್ಗದರ್ಶಿಯ ಬಹುಪಾಲು ಆ ಅವಧಿಯದ್ದೇ.

ಹೆಜ್ಜೆ 1: ಮೊದಲು ಕೆಲಸ ಯಾವುದೆಂದು ಗೊತ್ತುಮಾಡಿಕೊಳ್ಳಿ, ಆಮೇಲೆ ಕೋರ್ಸ್

ಕ್ವಾಂಟ್ ಎಂದು ಕರೆಸಿಕೊಳ್ಳುವ ಎಲ್ಲರೂ ಒಂದೇ ಕೆಲಸ ಮಾಡುವುದಿಲ್ಲ. ಯಾವ ಕೆಲಸ ಬೇಕೆಂಬುದರ ಮೇಲೆ ಏನು ಓದಬೇಕು, ಎಲ್ಲಿ ಓದಬೇಕು, ಅಸಲಿಗೆ ಮತ್ತೊಂದು ಪದವಿ ಬೇಕೇ ಎನ್ನುವುದೆಲ್ಲ ನಿಂತಿದೆ.

ಬ್ಯಾಂಕುಗಳಲ್ಲಿ ಟ್ರೇಡಿಂಗ್ ಡೆಸ್ಕ್‌ಗೆ, ಅಂದರೆ ಕೊಳ್ಳುವ ಮಾರುವ ವಿಭಾಗಕ್ಕೆ, ಅಂಟಿಕೊಂಡೇ ಕೆಲಸ ಮಾಡುವ ಕ್ವಾಂಟ್‌ಗಳಿದ್ದಾರೆ. ಬಡ್ಡಿದರ, ವಿದೇಶಿ ವಿನಿಮಯ, ಷೇರುಗಳ ಮೇಲಿನ ಡೆರಿವೇಟಿವ್‌ಗಳಿಗೆ (ಅವುಗಳ ಬೆಲೆಯನ್ನು ಆಧರಿಸಿದ ಕರಾರುಗಳಿಗೆ) ಬೆಲೆ ಕಟ್ಟುವ ಮಾದರಿಗಳನ್ನು ಬರೆಯುವುದು, ಅವು ಮಾರುಕಟ್ಟೆಯ ಬೆಲೆಗೆ ಹೊಂದುವಂತೆ ನೋಡಿಕೊಳ್ಳುವುದು ಇವರ ಕೆಲಸ. ಸ್ಟೊಕಾಸ್ಟಿಕ್ ಕ್ಯಾಲ್ಕುಲಸ್ (ಯಾದೃಚ್ಛಿಕವಾಗಿ ಬದಲಾಗುವ ಪ್ರಮಾಣಗಳ ಗಣಿತ), ಸಂಖ್ಯಾತ್ಮಕ ವಿಧಾನಗಳು, ಸಿ ಪ್ಲಸ್ ಪ್ಲಸ್ ಇಲ್ಲಿ ದಿನನಿತ್ಯದ ಸರಕು. ಫೈನಾನ್ಷಿಯಲ್ ಎಂಜಿನಿಯರಿಂಗ್ ಮಾಸ್ಟರ್ಸ್ ಕೋರ್ಸ್‌ಗಳು ಹುಟ್ಟಿಕೊಂಡಿದ್ದೇ ಹೆಚ್ಚಾಗಿ ಈ ಕೆಲಸಕ್ಕಾಗಿ.

ಆ ಮಾದರಿಗಳು ಸರಿಯೇ ಎಂದು ಸ್ವತಂತ್ರವಾಗಿ ಪರೀಕ್ಷಿಸುವ ತಂಡಗಳು ಬೇರೆ ಇರುತ್ತವೆ. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಮತ್ತು ಬ್ಯಾಂಕುಗಳ ಮೇಲ್ವಿಚಾರಣೆ ಮಾಡುವ ಒಸಿಸಿ ಸೇರಿ 2011ರಲ್ಲಿ ಎಸ್‌ಆರ್ 11-7 ಎಂಬ ಮಾರ್ಗಸೂಚಿ ಹೊರಡಿಸಿ, ಮಾದರಿ ಬರೆದವರೇ ಅದಕ್ಕೆ ತೀರ್ಪುಗಾರರಾಗಬಾರದು ಎಂಬುದನ್ನು ಸ್ಪಷ್ಟಪಡಿಸಿದವು. ಮಾಡೆಲ್ ವ್ಯಾಲಿಡೇಶನ್, ಮಾರ್ಕೆಟ್ ರಿಸ್ಕ್, ಕ್ರೆಡಿಟ್ ರಿಸ್ಕ್ ತಂಡಗಳು ಮಾಸ್ಟರ್ಸ್ ಮುಗಿಸಿದವರನ್ನು ಧಾರಾಳವಾಗಿ ತೆಗೆದುಕೊಳ್ಳುತ್ತವೆ. ಇದನ್ನು ಎರಡನೇ ದರ್ಜೆಯ ಕೆಲಸವೆಂದು ಕಾಣುವವರಿದ್ದಾರೆ. ನಾನು ಹಾಗೆ ಕಾಣುವುದಿಲ್ಲ. ಇನ್ನೊಬ್ಬರ ಮಾದರಿ ಎಲ್ಲಿ ಮುರಿಯುತ್ತದೆಂದು ಹುಡುಕುವುದು ಒಳ್ಳೆಯ ಎಂಜಿನಿಯರ್ ಮನಸ್ಸಿಗೆ ತಕ್ಕ ಕೆಲಸ. ಡೆಸ್ಕ್ ಕಡೆಗೆ ಹೋಗುವ ಆಸೆಯಿದ್ದರೆ ಮಾತ್ರ ಆ ಪ್ರಯತ್ನ ಮೊದಲ ಎರಡು ಮೂರು ವರ್ಷಗಳಲ್ಲೇ ಆಗಲಿ. ಆಮೇಲೆ ಕಷ್ಟವಾಗುತ್ತಾ ಹೋಗುತ್ತದೆ.

ಸಿರಿವಂತರ, ಸಂಸ್ಥೆಗಳ ಹಣ ಹೂಡುವ ಹೆಡ್ಜ್ ಫಂಡ್‌ಗಳಲ್ಲಿ ದತ್ತಾಂಶ ಕೆದಕಿ ಲಾಭದ ಸುಳಿವು ಹುಡುಕುವ ಸಂಶೋಧಕರದ್ದು ಇನ್ನೊಂದು ಲೋಕ. ಅಲ್ಲಿ ಸಂಖ್ಯಾಶಾಸ್ತ್ರ ಮತ್ತು ಸ್ವತಂತ್ರವಾಗಿ ಸಂಶೋಧನೆ ಮಾಡಿ ತೋರಿಸಿದ ಅನುಭವಕ್ಕೆ ಬೆಲೆ. ಅನೇಕ ಸಂಸ್ಥೆಗಳು ಡಾಕ್ಟರೇಟ್ ಆದವರನ್ನೇ ಹುಡುಕುತ್ತವೆ. ನಿಮ್ಮ ಕಣ್ಣು ಇದರ ಮೇಲೇ ಇದ್ದರೆ, ಸಾಲ ಮಾಡಿ ಮಾಸ್ಟರ್ಸ್ ಓದುವ ಬದಲು ಸಂಖ್ಯಾಶಾಸ್ತ್ರ, ಅನ್ವಯಿಕ ಗಣಿತ ಅಥವಾ ಆಪರೇಶನ್ಸ್ ರಿಸರ್ಚ್‌ನಲ್ಲಿ ಶಿಷ್ಯವೇತನವಿರುವ ಪಿಎಚ್.ಡಿ. ಬಗ್ಗೆ ಗಂಭೀರವಾಗಿ ಯೋಚಿಸಿ.

ಜೇನ್ ಸ್ಟ್ರೀಟ್, ಆಪ್ಟಿವರ್, ಐಎಂಸಿ, ಸಸ್ಕ್ವೆಹಾನಾದಂಥ ಮಾರ್ಕೆಟ್ ಮೇಕಿಂಗ್ ಸಂಸ್ಥೆಗಳು (ಕೊಳ್ಳುವ, ಮಾರುವ ಬೆಲೆ ಎರಡನ್ನೂ ಸದಾ ಕೊಡುವ ಸಂಸ್ಥೆಗಳು) ಟ್ರೇಡರ್‌ಗಳನ್ನು ಪದವಿ ಮುಗಿಸಿದ ಕೂಡಲೇ ತೆಗೆದುಕೊಳ್ಳುತ್ತವೆ. ಅಲ್ಲಿ ಪರೀಕ್ಷಿಸುವುದು ಬಾಯಿಲೆಕ್ಕ, ಸಂಭವನೀಯತೆ, ಅರೆಬರೆ ಮಾಹಿತಿಯಲ್ಲಿ ನಿರ್ಧಾರ ತೆಗೆದುಕೊಳ್ಳುವ ಧೈರ್ಯ. ಕ್ವಾಂಟ್ ಡೆವಲಪರ್ ಕೆಲಸಕ್ಕಾದರೆ ಗಟ್ಟಿ ಸಾಫ್ಟ್‌ವೇರ್ ಅನುಭವವೇ ಸಾಕು. ಈ ಎರಡಕ್ಕೂ ಮಾಸ್ಟರ್ಸ್ ಕಡ್ಡಾಯವಲ್ಲ. ಇವುಗಳಲ್ಲಿ ಒಂದು ನಿಮ್ಮ ಗುರಿಯಾಗಿದ್ದರೆ ಮೊದಲು ನೇರವಾಗಿ ಅರ್ಜಿ ಹಾಕಿ ನೋಡಿ. ಉಳಿಯುವ ಹಣವೂ ವರ್ಷವೂ ಸಣ್ಣದಲ್ಲ.

ಈ ಹೆಜ್ಜೆಗೆ ಎರಡು ವಾರ ಕೊಡಿ. ನಿಜವಾದ ಉದ್ಯೋಗ ಪ್ರಕಟಣೆಗಳನ್ನು ಒಂದು ಇಪ್ಪತ್ತು ಸಂಗ್ರಹಿಸಿ, ಪದೇ ಪದೇ ಬರುವ ಅರ್ಹತೆಗಳನ್ನು ಗುರುತುಹಾಕಿಕೊಳ್ಳಿ. ನಿಮ್ಮ ಓದಿನ ಪಟ್ಟಿ ಅಲ್ಲಿಂದ ಬರಲಿ.

ಹೆಜ್ಜೆ 2: ಕೈಯಲ್ಲಿರುವುದನ್ನು ಲೆಕ್ಕ ಹಾಕಿ

ಎಂಜಿನಿಯರಿಂಗ್ ಓದಿ ಬಂದವರು ಸೊನ್ನೆಯಿಂದ ಶುರುಮಾಡುವುದಿಲ್ಲ. ಮೆಕ್ಯಾನಿಕಲ್‌ನವರು ಓದಿದ ಉಷ್ಣ ಪ್ರಸರಣದ ಸಮೀಕರಣವೇ, ಚರಾಕ್ಷರಗಳನ್ನು ಬದಲಾಯಿಸಿದರೆ, ಬ್ಲ್ಯಾಕ್-ಶೋಲ್ಸ್ ಸಮೀಕರಣ. ಜಾನ್ ಕ್ರ್ಯಾಂಕ್ ಮತ್ತು ಫಿಲಿಸ್ ನಿಕೋಲ್ಸನ್ 1947ರಲ್ಲಿ ಉಷ್ಣದ ಲೆಕ್ಕಕ್ಕೆಂದು ಕಂಡುಹಿಡಿದ ವಿಧಾನದಿಂದ ಇವತ್ತಿಗೂ ಆಪ್ಷನ್ ಬೆಲೆ ಲೆಕ್ಕ ಹಾಕುತ್ತಾರೆ. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನವರಿಗೆ ಗೊತ್ತಿರುವ 1960ರ ಕಾಲ್ಮನ್ ಫಿಲ್ಟರ್ ಎರಡು ಷೇರುಗಳ ನಡುವಿನ ಬದಲಾಗುತ್ತಿರುವ ಸಂಬಂಧವನ್ನು ಅಂದಾಜಿಸಲು ಬಳಕೆಯಾಗುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ, ದೊಡ್ಡ ಆರ್ಡರನ್ನು ಮಾರುಕಟ್ಟೆ ಅಲುಗದಂತೆ ತುಂಡು ತುಂಡಾಗಿ ಮಾರುವ ಆಲ್ಮ್‌ಗ್ರೆನ್-ಕ್ರಿಸ್ ಮಾದರಿ ಪರಿಚಿತವೇ ಅನಿಸುತ್ತದೆ. ರಿಲಯಬಿಲಿಟಿ ಎಂಜಿನಿಯರಿಂಗ್‌ನಲ್ಲಿ ಯಂತ್ರ ಕೆಡುವ ವೇಗವನ್ನು ಅಳೆಯುವ ಹೆಜಾರ್ಡ್ ರೇಟ್, ಕ್ರೆಡಿಟ್ ಮಾದರಿಗಳಲ್ಲಿ ಕಂಪನಿ ಸಾಲ ತೀರಿಸಲಾಗದೆ ಕೈಚೆಲ್ಲುವ ಸಾಧ್ಯತೆಯನ್ನು ಅಳೆಯುತ್ತದೆ, ಗಣಿತ ಅದೇ.

ನಿಮ್ಮ ಶಾಖೆಯಿಂದ ಇಂಥ ಒಂದು ಕೊಂಡಿಯನ್ನು ಆರಿಸಿಕೊಂಡು ಆಳವಾಗಿ ಓದಿ. ಅರ್ಜಿಯಲ್ಲೂ ಸಂದರ್ಶನದಲ್ಲೂ ನೀವು ಯಾಕೆ ಇಲ್ಲಿಗೆ ಬರುತ್ತಿದ್ದೀರಿ ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ಸಿಗುವುದು ಕಷ್ಟ.

ಹೆಜ್ಜೆ 3: ಇಲ್ಲದ್ದನ್ನು ತುಂಬಿಕೊಳ್ಳಿ

ಇಲ್ಲಿ ನಿಧಾನಿಸಬೇಕು. ಬಹುತೇಕ ಎಂಜಿನಿಯರ್‌ಗಳ ಕೊರತೆ ಇರುವುದು ಕ್ಯಾಲ್ಕುಲಸ್‌ನಲ್ಲೂ ಅಲ್ಲ, ಕೋಡಿಂಗ್‌ನಲ್ಲೂ ಅಲ್ಲ, ಸಂಭವನೀಯತೆಯಲ್ಲಿ. ನಾಲ್ಕು ವರ್ಷ ನಾವು ಕಲಿತದ್ದು ಗದ್ದಲವನ್ನು ಸೋಸಿ ಸಿಗ್ನಲ್ ಉಳಿಸಿಕೊಳ್ಳುವುದನ್ನು. ಮಾರುಕಟ್ಟೆಯಲ್ಲಿ ಗದ್ದಲವೇ ಹೆಚ್ಚುಕಡಿಮೆ ಎಲ್ಲ.

ಒಂದು ಲೆಕ್ಕ ನೋಡಿ. ವರ್ಷಕ್ಕೆ ಸರಾಸರಿ 16% ಲಾಭ, 16% ಪ್ರಮಾಣಿತ ವಿಚಲನೆ ಇರುವ ತಂತ್ರವೊಂದಿದೆ ಎಂದುಕೊಳ್ಳಿ. ಲಾಭವನ್ನು ಏರಿಳಿತದಿಂದ ಭಾಗಿಸಿದ ಶಾರ್ಪ್ ಅನುಪಾತ 1, ಯಾರಾದರೂ ತಲೆದೂಗುವ ಫಲಿತಾಂಶ. ವರ್ಷಕ್ಕೆ 252 ವಹಿವಾಟಿನ ದಿನಗಳೆಂದರೆ ದಿನದ ಸರಾಸರಿ ಲಾಭ ಸುಮಾರು 0.063%, ದಿನದ ಏರಿಳಿತ ಸುಮಾರು 1%. ಸಿಗ್ನಲ್‌ಗಿಂತ ಗದ್ದಲ ಹದಿನಾರು ಪಟ್ಟು ದೊಡ್ಡದು. ಈ ತಂತ್ರದ ಲಾಭ ಅದೃಷ್ಟದ್ದಲ್ಲ ಎಂದು ಎರಡು ಪ್ರಮಾಣಿತ ದೋಷದಷ್ಟು ನಂಬಿಕೆಯಿಂದ ಹೇಳಲು ನಾಲ್ಕು ವರ್ಷದ ದತ್ತಾಂಶ ಬೇಕು. ಅನುಪಾತ ಅರ್ಧಕ್ಕೆ ಇಳಿದರೆ ಹದಿನಾರು ವರ್ಷ. ಅಷ್ಟರಲ್ಲಿ ಮಾರುಕಟ್ಟೆಯೇ ಬೇರೆಯಾಗಿರುತ್ತದೆ. ಸೇತುವೆಯ ಭಾರವನ್ನು ಅಳೆದರೆ ಸೇತುವೆ ತನ್ನ ನಡವಳಿಕೆ ಬದಲಿಸುವುದಿಲ್ಲ. ಮಾರುಕಟ್ಟೆಯಲ್ಲಿ ಒಂದು ಸುಳಿವನ್ನು ನಾಲ್ಕು ಜನ ಕಂಡುಕೊಂಡರೆ ಆ ಸುಳಿವೇ ಕರಗುತ್ತದೆ.

ಇನ್ನು ನಾರ್ಮಲ್ ವಿತರಣೆಯ ಮೇಲಿನ ನಂಬಿಕೆ. 1987ರ ಅಕ್ಟೋಬರ್ 19ರಂದು ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ 22.6% ಬಿದ್ದಿತು. ದಿನಕ್ಕೆ 1% ಏರಿಳಿತವೆಂದು ನಾರ್ಮಲ್ ವಿತರಣೆ ಇಟ್ಟುಕೊಂಡರೆ ವಿಶ್ವದ ಆಯಸ್ಸಿನಲ್ಲೂ ಹೀಗಾಗಬಾರದಿತ್ತು. ಏರಿಳಿತ ಗುಂಪುಗುಂಪಾಗಿ ಬರುತ್ತದೆ, ವಿತರಣೆಯ ಬಾಲ ದಪ್ಪಗಿರುತ್ತದೆ (ಅತಿ ದೊಡ್ಡ ಏರಿಳಿತ ಎಣಿಸಿದ್ದಕ್ಕಿಂತ ಹೆಚ್ಚು ಸಲ ಬರುತ್ತದೆ) ಎಂಬುದನ್ನು ಕೇಳಿ ಬಿಡುವುದಲ್ಲ, ದತ್ತಾಂಶ ಇಳಿಸಿಕೊಂಡು ನೀವೇ ಚಿತ್ರಿಸಿ ನೋಡಬೇಕು. ಇಂಥ ಏರಿಳಿತಕ್ಕೆ 1982ರಲ್ಲಿ ರಾಬರ್ಟ್ ಎಂಗಲ್ ಕೊಟ್ಟ ಆರ್ಚ್ ಮಾದರಿಯಿಂದ ಶುರುಮಾಡಬಹುದು.

ಓದಿನ ಕ್ರಮ ನನ್ನ ಪ್ರಕಾರ ಹೀಗಿರಲಿ. ಲೀನಿಯರ್ ಆಲ್ಜೀಬ್ರಾವನ್ನು ಮತ್ತೆ ಓದಿ, ಆದರೆ ಈ ಸಲ ಕೊವೇರಿಯನ್ಸ್ ಮ್ಯಾಟ್ರಿಕ್ಸ್, ಐಗನ್ ಮೌಲ್ಯ, ಸಿಂಗ್ಯುಲರ್ ವ್ಯಾಲ್ಯೂ ಡಿಕಾಂಪೊಸಿಶನ್ ಕಣ್ಣಮುಂದಿಟ್ಟುಕೊಂಡು. ಆಮೇಲೆ ಕ್ಯಾಲ್ಕುಲಸ್ ಆಧಾರಿತ ಸಂಭವನೀಯತೆ, ಅದರಲ್ಲೂ ಷರತ್ತುಬದ್ಧ ನಿರೀಕ್ಷಿತ ಮೌಲ್ಯ ನೀರು ಕುಡಿದಷ್ಟು ಸಲೀಸಾಗಬೇಕು. ಸಂಖ್ಯಾಶಾಸ್ತ್ರದಲ್ಲಿ ರಿಗ್ರೆಷನ್ ಯಾವಾಗ ಸುಳ್ಳು ಹೇಳುತ್ತದೆ ಎಂಬುದು ಮುಖ್ಯ. ಇವಿಷ್ಟು ಗಟ್ಟಿಯಾದ ಮೇಲೆ ಯಾದೃಚ್ಛಿಕ ನಡಿಗೆ, ಮಾರ್ಟಿಂಗೇಲ್, ಬ್ರೌನಿಯನ್ ಚಲನೆ, ಇಟೊ ಸೂತ್ರ. ಎಷ್ಟೋ ಜನ ಮೊದಲ ವಾರವೇ ಇಟೊ ಹಿಡಿದು ಕೂರುತ್ತಾರೆ. ಚಿಹ್ನೆಗಳನ್ನು ಅತ್ತಿತ್ತ ಸರಿಸಲು ಬರುತ್ತದೆ, ಆದರೆ ಯಾಕೆ ಎಂದು ಕೇಳಿದರೆ ಮಾತು ನಿಲ್ಲುತ್ತದೆ. ಸಾಧ್ಯವಿದ್ದರೆ ಗಣಿತದ ಸಾಧನೆ (ಪ್ರೂಫ್) ಬರೆಯುವುದನ್ನು ಕಲಿಸುವ ರಿಯಲ್ ಅನಾಲಿಸಿಸ್ ಕೋರ್ಸ್ ಒಂದನ್ನು ಅಂಕಪಟ್ಟಿಯ ಸಮೇತ ಮುಗಿಸಿ. ಗಣಿತ ವಿಭಾಗದ ಕೋರ್ಸ್‌ಗಳಿಗೆ ಅರ್ಜಿ ಹಾಕುವವರಿಗೆ ಇದರಷ್ಟು ತೂಕ ಕೊಡುವುದು ಬೇರೆ ಕಡಿಮೆ.

ಮುಟ್ಟಿ ನೋಡಿಕೊಳ್ಳಲು ಮೂರು ಲೆಕ್ಕ ಕೊಡುತ್ತೇನೆ.

ಮೊದಲನೆಯದು: ಸೊನ್ನೆಯಿಂದ ಶುರುವಾಗಿ ಪ್ರತಿ ಹೆಜ್ಜೆಗೂ ನಾಣ್ಯ ಚಿಮ್ಮಿ ಒಂದು ಮೇಲೆ ಅಥವಾ ಒಂದು ಕೆಳಗೆ ಹೋಗುತ್ತೀರಿ. ಋಣ 7 ಮುಟ್ಟುವ ಮೊದಲು ಧನ 3 ಮುಟ್ಟುವ ಸಂಭವನೀಯತೆ ಎಷ್ಟು? ಆಟ ನ್ಯಾಯವಾದದ್ದು, ಹಾಗಾಗಿ ಕೊನೆಯಲ್ಲಿ ನಿರೀಕ್ಷಿತ ಸ್ಥಾನವೂ ಸೊನ್ನೆಯೇ. ಆ ಒಂದು ಮಾತಿನಿಂದಲೇ ಉತ್ತರ 0.7 ಎಂದು ಬರುತ್ತದೆ. ಎಷ್ಟು ಹೆಜ್ಜೆ ಬೇಕಾಗುತ್ತದೆಂದರೆ, ಸ್ಥಾನದ ವರ್ಗದಿಂದ ಹೆಜ್ಜೆಗಳ ಸಂಖ್ಯೆ ಕಳೆದರೆ ಸಿಗುವುದೂ ನ್ಯಾಯವಾದ ಆಟವೇ, 0.7 ಗುಣಿಸು 9, ಜೊತೆಗೆ 0.3 ಗುಣಿಸು 49, ಒಟ್ಟು 21. ಮಾರ್ಟಿಂಗೇಲ್ ಎಂದರೆ ಏನೆಂದು ಈ ಎರಡು ಸಾಲಿನಲ್ಲಿ ತಿಳಿದಷ್ಟು ಒಂದು ಅಧ್ಯಾಯ ಓದಿದರೂ ತಿಳಿಯದು.

ಎರಡನೆಯದು: ದಾಳ ಎಸೆಯಿರಿ, ಬಿದ್ದಷ್ಟು ಹಣ ನಿಮ್ಮದು. ಇಷ್ಟವಾಗದಿದ್ದರೆ ಒಮ್ಮೆ ಮತ್ತೆ ಎಸೆಯಬಹುದು. ಈ ಆಟದ ಬೆಲೆ? ಎರಡನೇ ಎಸೆತದ ಸರಾಸರಿ 3.5, ಹಾಗಾಗಿ 4, 5, 6 ಬಿದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎಸೆಯಿರಿ; ಬೆಲೆ 4.25. ಮೂರು ಎಸೆತಕ್ಕೆ ಅವಕಾಶವಿದ್ದರೆ ಮೊದಲ ಎಸೆತದಲ್ಲಿ 5 ಅಥವಾ 6 ಬಂದರೆ ಮಾತ್ರ ನಿಲ್ಲಬೇಕು. ಬೆಲೆ 14/3, ಅಂದರೆ ಸುಮಾರು 4.67. ಕೊನೆಯಿಂದ ಹಿಂದಕ್ಕೆ ಬರುತ್ತಾ, ಈಗ ನಿಲ್ಲುವುದೋ ಮುಂದುವರಿಯುವುದೋ ಎಂದು ಹೋಲಿಸುವುದು ಕಂಟ್ರೋಲ್ ಓದಿದವರಿಗೆ ಗೊತ್ತಿರುವ ಡೈನಾಮಿಕ್ ಪ್ರೋಗ್ರಾಮಿಂಗ್. ಅವಧಿಗೆ ಮುನ್ನವೇ ಚಲಾಯಿಸಬಹುದಾದ ಅಮೆರಿಕನ್ ಆಪ್ಷನ್‌ಗೆ ಬೆಲೆ ಕಟ್ಟುವುದೂ ಇದೇ ರೀತಿ. 2001ರ ಲಾಂಗ್‌ಸ್ಟಾಫ್-ಶ್ವಾರ್ಟ್ಜ್ ವಿಧಾನದಲ್ಲಿ ಮುಂದುವರಿದರೆ ಸಿಗುವ ಮೌಲ್ಯವನ್ನು ರಿಗ್ರೆಷನ್‌ನಿಂದ ಅಂದಾಜಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಮೂರನೆಯದರ ಮುಂದೆ ಬಹಳ ಎಂಜಿನಿಯರ್‌ಗಳು ಒಮ್ಮೆ ನಿಂತುಬಿಡುತ್ತಾರೆ. ಷೇರಿನ ಬೆಲೆ ಇವತ್ತು 100, ನಾಳೆ 120 ಇಲ್ಲವೇ 90. ಬಡ್ಡಿ ಇಲ್ಲ. 100ಕ್ಕೆ ಕೊಳ್ಳುವ ಹಕ್ಕಿನ, ಅಂದರೆ ಕಾಲ್ ಆಪ್ಷನ್‌ನ ಬೆಲೆ ಎಷ್ಟು? 120 ಆಗುವ ಸಂಭವನೀಯತೆ ಎಷ್ಟೆಂದು ಕೇಳಬೇಕೆನಿಸುತ್ತದೆ. ಬೇಕಿಲ್ಲ. 60 ಸಾಲ ಮಾಡಿ, ಕೈಯಿಂದ 6.67 ಹಾಕಿ, ಮೂರನೇ ಎರಡು ಪಾಲು ಷೇರು ಕೊಂಡಿಟ್ಟುಕೊಳ್ಳಿ. ಬೆಲೆ ಏರಿದರೆ ಷೇರಿನ ಪಾಲು 80, ಸಾಲ ತೀರಿಸಿದರೆ ಉಳಿಯುವುದು 20. ಇಳಿದರೆ 60, ಸಾಲಕ್ಕೆ ಸರಿಹೋಗಿ ಉಳಿಯುವುದು ಸೊನ್ನೆ. ಆಪ್ಷನ್ ಕೊಡುವುದೂ ಅಷ್ಟೇ, ಹಾಗಾಗಿ ಅದರ ಬೆಲೆ 6.67. ಏರುವ ಸಾಧ್ಯತೆ 90% ಇದ್ದರೂ 10% ಇದ್ದರೂ ಈ ಬೆಲೆ ಬದಲಾಗದು. ಯಾಕೆ ಬದಲಾಗದು ಎಂಬುದನ್ನು ಫೈನಾನ್ಸ್ ಓದದ ಗೆಳೆಯರೊಬ್ಬರಿಗೆ ವಿವರಿಸಿ ಒಪ್ಪಿಸುವವರೆಗೂ ಮುಂದಕ್ಕೆ ಹೋಗಬೇಡಿ.

ಹೆಜ್ಜೆ 4: ಎರಡು ಪ್ರಾಜೆಕ್ಟ್, ಹತ್ತಲ್ಲ

ಮೊದಲ ಪ್ರಾಜೆಕ್ಟ್ ಬೆಲೆ ಕಟ್ಟುವುದು. ಷೇರು 100, ಸ್ಟ್ರೈಕ್ (ಆಪ್ಷನ್‌ನಲ್ಲಿ ನಿಗದಿಯಾದ ಬೆಲೆ) 100, ಬಡ್ಡಿ 5%, ವೊಲಟಿಲಿಟಿ (ವರ್ಷದ ಏರಿಳಿತ) 20%, ಅವಧಿ 1 ವರ್ಷ. ಬ್ಲ್ಯಾಕ್-ಶೋಲ್ಸ್ ಸೂತ್ರದಿಂದ ಯುರೋಪಿಯನ್ (ಅವಧಿಯ ಕೊನೆಗಷ್ಟೇ ಚಲಾಯಿಸಬಹುದಾದ) ಕಾಲ್ ಬೆಲೆ 10.4506, ಪುಟ್ (ಮಾರುವ ಹಕ್ಕಿನ) ಬೆಲೆ 5.5735 ಬರಬೇಕು. ಅದನ್ನೇ ಬೆಲೆಯ ಸಾವಿರಾರು ಯಾದೃಚ್ಛಿಕ ಪಥಗಳ ಸರಾಸರಿ ತೆಗೆಯುವ ಮಾಂಟೆ ಕಾರ್ಲೊದಿಂದಲೂ, ಫೈನೈಟ್ ಡಿಫರೆನ್ಸ್‌ನಿಂದಲೂ ಬರಿಸಿ. 10,000 ಪಥಗಳಿಗೆ ಕಾಲ್ ಬೆಲೆಯ ಪ್ರಮಾಣಿತ ದೋಷ ಸುಮಾರು 0.15 ಇರುತ್ತದೆ, ಅದನ್ನು ಹತ್ತನೇ ಒಂದಕ್ಕೆ ಇಳಿಸಲು ನೂರು ಪಟ್ಟು ಪಥಗಳು ಬೇಕು. ಆ ಖರ್ಚು ತಗ್ಗಿಸಲು ಆಂಟಿಥೆಟಿಕ್, ಕಂಟ್ರೋಲ್ ವೇರಿಯೇಟ್ ಎಂಬ ದೋಷ ಇಳಿಸುವ ಉಪಾಯಗಳನ್ನು ಸೇರಿಸಿ, ಎಷ್ಟು ಉಳಿಯಿತೆಂದು ಅಳೆಯಿರಿ. ಆಮೇಲೆ ಮುಖ್ಯ ಪ್ರಯೋಗ: ಆ ಆಪ್ಷನ್ ಮಾರಿದ್ದೀರಿ ಎಂದುಕೊಂಡು ದಿನಾ ಡೆಲ್ಟಾ ಹೆಡ್ಜ್ ಮಾಡಿ, ಅಂದರೆ ಷೇರು ಕೊಂಡು ಮಾರಿ ಬೆಲೆಯ ಅಪಾಯವನ್ನು ಸರಿದೂಗಿಸಿ. ನೀವು ಊಹಿಸಿದ ವೊಲಟಿಲಿಟಿ 20%, ನಿಜವಾಗಿ ಆದದ್ದು 30% ಎಂದಿಟ್ಟುಕೊಂಡರೆ ಲಾಭನಷ್ಟದ ಚಿತ್ರ ಏನಾಗುತ್ತದೆ? ಹೆಡ್ಜ್ ಮಾಡುವುದನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ದೋಷ ಸುಮಾರು ಅರ್ಧಕ್ಕಿಳಿಯುತ್ತದೆಯೇ? ವಹಿವಾಟಿನ ವೆಚ್ಚ ಸೇರಿಸಿದರೆ? ಇದಕ್ಕೆಲ್ಲ ಉತ್ತರ ಗೊತ್ತಿರುವ ಅಭ್ಯರ್ಥಿ ಸೂತ್ರ ಬಾಯಿಪಾಠ ಮಾಡಿದವರಿಗಿಂತ ಬಹಳ ಮುಂದಿರುತ್ತಾರೆ. ಪೈಥಾನ್‌ನಲ್ಲಿ ಮುಗಿಸಿ, ಆಮೇಲೆ ಮಾಂಟೆ ಕಾರ್ಲೊ ಭಾಗವನ್ನಷ್ಟೇ ಸಿ ಪ್ಲಸ್ ಪ್ಲಸ್‌ನಲ್ಲಿ ಮತ್ತೆ ಬರೆಯಿರಿ.

ಎರಡನೆಯದು ದತ್ತಾಂಶದ್ದು. ಯಾವುದಾದರೂ ಸರಳ ತಂತ್ರವನ್ನು ಹಳೆಯ ಬೆಲೆಗಳ ಮೇಲೆ ಪರೀಕ್ಷಿಸಿ, ಆಮೇಲೆ ಅದನ್ನು ನೀವೇ ಒಡೆಯಲು ನೋಡಿ. ಇವತ್ತಿನ ಮುಕ್ತಾಯದ ಬೆಲೆ ನೋಡಿ ಅದೇ ಬೆಲೆಗೆ ಕೊಂಡಿದ್ದೀರಾ? ಇವತ್ತಿಗೂ ಉಳಿದಿರುವ ಕಂಪನಿಗಳನ್ನಷ್ಟೇ ತೆಗೆದುಕೊಂಡು, ಮುಳುಗಿದವನ್ನು ಮರೆತಿದ್ದೀರಾ? ನೂರು ನಿಷ್ಪ್ರಯೋಜಕ ತಂತ್ರಗಳನ್ನು 5% ಮಟ್ಟದಲ್ಲಿ ಪರೀಕ್ಷಿಸಿದರೆ ಸರಾಸರಿ ಐದು ಬರೀ ಆಕಸ್ಮಿಕವಾಗಿ ಗೆದ್ದಂತೆ ಕಾಣುತ್ತವೆ. ನೀವು ಎಷ್ಟನ್ನು ಪರೀಕ್ಷಿಸಿ ಒಂದನ್ನು ತೋರಿಸುತ್ತಿದ್ದೀರಿ? ಕೊನೆಗೆ ತಂತ್ರ ಸೋತರೂ ಪರವಾಗಿಲ್ಲ. "ವೆಚ್ಚ ಸೇರಿಸಿದ ಮೇಲೆ ಲಾಭ ಉಳಿಯಲಿಲ್ಲ, ಕಾರಣ ಇದು" ಎಂಬ ಎರಡು ಪುಟದ ಪ್ರಾಮಾಣಿಕ ವರದಿಯನ್ನು ಅನುಭವಿಗಳು ಗೌರವದಿಂದ ಓದುತ್ತಾರೆ. ವರ್ಷಕ್ಕೆ 200% ಲಾಭದ ಗ್ರಾಫ್ ಕಂಡರೆ ಅವರು ಮೊದಲು ಹುಡುಕುವುದು ತಪ್ಪನ್ನು.

ಹೆಜ್ಜೆ 5: ಕೋರ್ಸ್ ಆರಿಸುವುದು

ಕೋರ್ಸ್‌ನ ಹೆಸರಿಗಿಂತ ಅದು ಯಾವ ವಿಭಾಗದಲ್ಲಿದೆ ಎಂಬುದು ಹೆಚ್ಚು ಹೇಳುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೂರಾಂಟ್ ಸಂಸ್ಥೆ, ಆಕ್ಸ್‌ಫರ್ಡ್, ಲಂಡನ್ನಿನ ಇಂಪೀರಿಯಲ್ ಕಾಲೇಜು ಇಲ್ಲೆಲ್ಲ ಈ ಓದು ಗಣಿತ ವಿಭಾಗದ ಮಡಿಲಲ್ಲಿದೆ. ಕೊಲಂಬಿಯಾದಲ್ಲಿ ಎರಡು ಬೇರೆ ಬೇರೆ ಕೋರ್ಸ್‌ಗಳಿವೆ: ಒಂದು ಎಂಜಿನಿಯರಿಂಗ್ ಶಾಲೆಯ ಆಪರೇಶನ್ಸ್ ರಿಸರ್ಚ್ ವಿಭಾಗದ್ದು, ಇನ್ನೊಂದು ಗಣಿತ ವಿಭಾಗದ್ದು. ಬರ್ಕ್ಲಿಯದು ಹಾಸ್ ಬಿಸಿನೆಸ್ ಶಾಲೆಯದ್ದು. ಕಾರ್ನೆಗಿ ಮೆಲನ್ 1994ರಲ್ಲಿ ಶುರುಮಾಡಿದ ಕೋರ್ಸ್ ಹಲವು ವಿಭಾಗಗಳು ಕೂಡಿ ನಡೆಸುವಂಥದ್ದು. ಪ್ರಿನ್ಸ್‌ಟನ್‌ನದು ಸಣ್ಣ ತರಗತಿ, ಎರಡು ವರ್ಷ. ನ್ಯೂಯಾರ್ಕಿನ ಸಾರ್ವಜನಿಕ ಕಾಲೇಜಾದ ಬರೂಕ್‌ನದೂ ಸಣ್ಣ ತರಗತಿಯೇ, ಹೆಸರು ಮಾತ್ರ ದೊಡ್ಡದು. ಯೂರೋಪಿನಲ್ಲಿ ಜ್ಯೂರಿಕ್‌ನ ಇಟಿಎಚ್ ಮತ್ತು ಜ್ಯೂರಿಕ್ ವಿಶ್ವವಿದ್ಯಾಲಯ ಜಂಟಿಯಾಗಿ ನಡೆಸುವ ಕೋರ್ಸ್ ಇದೆ. ಪ್ಯಾರಿಸ್ಸಿನಲ್ಲಿ ನಿಕೋಲ್ ಎಲ್ ಕರೂಯಿ ಬೆಳೆಸಿದ ಸಂಭವನೀಯತೆ ಮತ್ತು ಫೈನಾನ್ಸ್ ಮಾಸ್ಟರ್ಸ್ ಡೆರಿವೇಟಿವ್ಸ್ ಲೋಕದಲ್ಲಿ ದಂತಕಥೆಯಂಥದ್ದು.

ಉದ್ಯೋಗ ವರದಿಯನ್ನು ಪರೀಕ್ಷಕರ ಕಣ್ಣಿಂದ ಓದಿ. 95% ಮಂದಿಗೆ ಕೆಲಸ ಎಂದರೆ ಯಾರಲ್ಲಿ 95%? ತರಗತಿಯ ಎಲ್ಲರಲ್ಲೋ, ಕೆಲಸ ಹುಡುಕುತ್ತಿದ್ದೇವೆಂದು ತಿಳಿಸಿದವರಲ್ಲೋ? ಎಷ್ಟು ತಿಂಗಳ ಬಳಿಕ? ಹುದ್ದೆಗಳ ಹೆಸರು ಕೊಟ್ಟಿದ್ದಾರೋ, ಕಂಪನಿಗಳ ಲಾಂಛನ ಮಾತ್ರ ಅಂಟಿಸಿದ್ದಾರೋ? ದೊಡ್ಡ ಬ್ಯಾಂಕಿನ ಲಾಂಛನದ ಹಿಂದೆ ಕ್ವಾಂಟ್ ಅಲ್ಲದ ಕೆಲಸವೂ ಇರಬಹುದು. ಇನ್ನೂ ಭರವಸೆಯ ದಾರಿಯೆಂದರೆ ಉಲ್ಟಾ ಹೋಗುವುದು: ನಿಮಗೆ ಬೇಕಾದ ಹುದ್ದೆಯಲ್ಲಿ ಎರಡು ಮೂರು ವರ್ಷದಿಂದ ಇರುವವರನ್ನು ಹುಡುಕಿ, ಅವರು ಎಲ್ಲಿಂದ ಬಂದರೆಂದು ಪಟ್ಟಿ ಮಾಡಿ. ಒಂದು ಕೋರ್ಸ್‌ನ ಹೆಸರು ಆ ಪಟ್ಟಿಯಲ್ಲಿ ಬರುವುದೇ ಇಲ್ಲವೆಂದರೆ ಅದರ ರ‍್ಯಾಂಕಿಂಗ್ ಎಷ್ಟಿದ್ದರೇನು?

ಅವಧಿಯನ್ನೂ ನೋಡಿ. ಹತ್ತು ಹನ್ನೆರಡು ತಿಂಗಳ ಕೋರ್ಸ್ ಅಗ್ಗ, ಆದರೆ ನಡುವೆ ಬೇಸಿಗೆ ಇಂಟರ್ನ್‌ಶಿಪ್‌ಗೆ ಜಾಗವಿರುವುದಿಲ್ಲ. ಫೈನಾನ್ಸ್ ಅನುಭವವೇ ಇಲ್ಲದೆ ಬರುವ ಎಂಜಿನಿಯರ್‌ಗೆ ಆ ಇಂಟರ್ನ್‌ಶಿಪ್ ಬಹಳ ದೊಡ್ಡದು. ಹದಿನಾರು ಹದಿನೆಂಟು ತಿಂಗಳ ಕೋರ್ಸ್‌ಗೆ ನನ್ನ ಮತ. ಬರ್ಕ್ಲಿಯಂತೆ ವಸಂತದಲ್ಲಿ ಶುರುವಾಗಿ ವರ್ಷಾಂತ್ಯದಲ್ಲಿ ಇಂಟರ್ನ್‌ಶಿಪ್ ಇಟ್ಟುಕೊಂಡ ಒಂದು ವರ್ಷದ ಕೋರ್ಸ್ ಅಪವಾದ. ಅಮೆರಿಕಕ್ಕೆ ವಿದ್ಯಾರ್ಥಿ ವೀಸಾದ ಮೇಲೆ ಹೋಗುವವರು, ಕೋರ್ಸ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವರ್ಗದಲ್ಲಿದೆಯೇ ಎಂದು ಮೊದಲೇ ಕೇಳಿ. ಓದಿನ ನಂತರ ಕೆಲಸ ಮಾಡಲು ಸಿಗುವ 12 ತಿಂಗಳಿಗೆ ಇನ್ನೂ 24 ತಿಂಗಳು ಸೇರುವುದು ಆ ವರ್ಗದವರಿಗೆ ಮಾತ್ರ.

ಹಣದ ಲೆಕ್ಕದಲ್ಲಿ ಶುಲ್ಕ ಮತ್ತು ವಾಸದ ಖರ್ಚಿನ ಜೊತೆ ಬಿಟ್ಟುಹೋಗುವ ಸಂಬಳವನ್ನೂ ಸೇರಿಸಿ. ಆಮೇಲೆ ಒಂದು ಕಠಿಣ ಪ್ರಶ್ನೆ ಕೇಳಿಕೊಳ್ಳಿ: ಡೆಸ್ಕ್ ಕ್ವಾಂಟ್ ಆಗದೆ ಸಾಧಾರಣ ಸಂಬಳದ ರಿಸ್ಕ್ ವಿಭಾಗದ ಕೆಲಸವೇ ಸಿಕ್ಕರೂ ಈ ಸಾಲ ತೀರುತ್ತದೆಯೇ? ಇಲ್ಲವೆಂದಾದರೆ ಅಗ್ಗದ ಕೋರ್ಸ್ ಹುಡುಕಿ. ದುಡ್ಡು ಹೂಡದೆ ಈ ವಿಷಯ ತನಗೆ ಹಿಡಿಸುತ್ತದೆಯೇ ಎಂದು ನೋಡಬೇಕೆನ್ನುವವರಿಗೆ ವರ್ಲ್ಡ್‌ಕ್ವಾಂಟ್ ವಿಶ್ವವಿದ್ಯಾಲಯದ ಶುಲ್ಕರಹಿತ ಆನ್‌ಲೈನ್ ಮಾಸ್ಟರ್ಸ್ ಕೂಡ ಇದೆ.

ಹೆಜ್ಜೆ 6: ಅರ್ಜಿ

ಜಿಆರ್‌ಇ ಪ್ರವೇಶ ಪರೀಕ್ಷೆ ಕೇಳುವ ಕೋರ್ಸ್‌ಗಳಿಗೆ ಕ್ವಾಂಟಿಟೇಟಿವ್ ಭಾಗದಲ್ಲಿ 170ಕ್ಕೆ ಆದಷ್ಟು ಹತ್ತಿರ ಬೇಕು. ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಬೇಗ ಮುಗಿಸಿಬಿಡಿ. ಶಿಫಾರಸು ಪತ್ರಗಳಲ್ಲಿ ಒಂದಾದರೂ ನಿಮ್ಮ ಗಣಿತವನ್ನು ಕಣ್ಣಾರೆ ಕಂಡವರಿಂದ ಬರಲಿ.

ಉದ್ದೇಶ ಪತ್ರಕ್ಕೆ ಮಾತ್ರ ತಾಳ್ಮೆ ಬೇಕು. "ಚಿಕ್ಕಂದಿನಿಂದಲೂ ನನಗೆ ಸಂಖ್ಯೆಗಳೆಂದರೆ ಪ್ರೀತಿ, ಷೇರು ಮಾರುಕಟ್ಟೆಯೆಂದರೆ ಕುತೂಹಲ" ಎಂಬ ಸಾಲು ಯಾರ ಪತ್ರದಲ್ಲಾದರೂ ಇರಬಹುದು. "ಟರ್ಬೈನ್ ಅಲಗುಗಳು ಕೆಡುವ ಸಮಯವನ್ನು ಅಂದಾಜಿಸುವ ಮಾದರಿ ಬರೆಯುತ್ತಿದ್ದಾಗ ಅದೇ ಹೆಜಾರ್ಡ್ ರೇಟ್ ಕ್ರೆಡಿಟ್ ಡೆರಿವೇಟಿವ್‌ಗಳಲ್ಲಿ ಕಂಡೆ, ಆದರೆ ಯಂತ್ರಗಳು ಬಹುಮಟ್ಟಿಗೆ ಒಂದೊಂದಾಗಿ ಕೆಡುತ್ತವೆ, ಕಂಪನಿಗಳು ಒಟ್ಟಿಗೆ ಕೆಡುತ್ತವೆ, ಆ ಅವಲಂಬನೆಯನ್ನು ಮಾದರಿಗೆ ತರಲು ಬೇಕಾದ ಗಣಿತ ನನ್ನಲ್ಲಿಲ್ಲ" ಎಂಬ ಸಾಲನ್ನು ಬರೆಯಬಲ್ಲವರು ಕೆಲವರೇ. ಎರಡನೆಯದರಲ್ಲಿ ನೀವು ಏನು ಮಾಡಿದ್ದೀರಿ, ಎಲ್ಲಿ ಸಿಕ್ಕಿಕೊಂಡಿದ್ದೀರಿ, ಈ ಕೋರ್ಸ್ ಯಾಕೆ ಬೇಕು ಮೂರೂ ಇದೆ. ಹಲವು ವರ್ಷ ಕೆಲಸ ಮಾಡಿ ಬರುವವರೂ ಹೀಗೆಯೇ ಬರೆಯಲಿ.

ಹೆಜ್ಜೆ 7: ಪ್ರವೇಶ ಸಿಕ್ಕಿತು, ತರಗತಿ ಇನ್ನೂ ಶುರುವಾಗಿಲ್ಲ

ಈ ನಾಲ್ಕೈದು ತಿಂಗಳನ್ನು ಬಿಡುವೆಂದುಕೊಂಡವರು ಆಮೇಲೆ ಪರದಾಡುತ್ತಾರೆ. ಒಂದು ಪುಟದ ರೆಸ್ಯೂಮೆ ಸಿದ್ಧವಿರಲಿ, ಅದರಲ್ಲಿ ಬರೆದ ಪ್ರತಿ ಪದದ ಮೇಲೂ ಹತ್ತು ನಿಮಿಷ ಮಾತಾಡಲು ಬರಬೇಕು. ಕಾಲ್ಮನ್ ಫಿಲ್ಟರ್ ಎಂದು ಬರೆದರೆ ಅದನ್ನು ಬೋರ್ಡಿನ ಮೇಲೆ ಸಾಧಿಸಿ ತೋರಿಸಿ ಎನ್ನುತ್ತಾರೆ. ದಿನಕ್ಕೆ ಎರಡು ಸಂಭವನೀಯತೆಯ ಲೆಕ್ಕ, ಒಂದು ಕೋಡಿಂಗ್ ಸಮಸ್ಯೆ ಸಾಕು, ಆದರೆ ತಪ್ಪಬಾರದು. ಗಟ್ಟಿಯಾಗಿ ಮಾತಾಡುತ್ತಾ ಬಿಡಿಸಿ. ಸಂದರ್ಶನದಲ್ಲಿ ನೋಡುವುದು ಉತ್ತರವನ್ನಷ್ಟೇ ಅಲ್ಲ, ಸಿಕ್ಕಿಕೊಂಡಾಗ ನೀವು ಯೋಚಿಸುವ ರೀತಿಯನ್ನೂ. ಸಣ್ಣ ಉದಾಹರಣೆಗೆ ಇಳಿಸಿ ನೋಡುವುದು, ಸಮ್ಮಿತಿ ಹುಡುಕುವುದು, ಉತ್ತರ 0 ಮತ್ತು 1ರ ನಡುವಿದೆಯೇ ಎಂದು ಪರೀಕ್ಷಿಸುವುದು ಅಭ್ಯಾಸದಿಂದಲೇ ಬರುತ್ತವೆ.

ಮಾರುಕಟ್ಟೆಯ ಪರಿಭಾಷೆಯನ್ನೂ ಈಗಲೇ ಕಲಿಯಿರಿ. ಬಾಂಡ್‌ನ ಬೆಲೆ ಮತ್ತು ಯೀಲ್ಡ್ ಯಾಕೆ ವಿರುದ್ಧ ದಿಕ್ಕಿಗೆ ಹೋಗುತ್ತವೆ, ಸ್ವಾಪ್ ಎಂದರೇನು, 2023ರ ಜೂನ್ ಕೊನೆಗೆ ಡಾಲರ್ ಲೈಬರ್ ಎಂಬ ಮಾನದಂಡ ಬಡ್ಡಿದರ ನಿಂತು ಅದರ ಜಾಗಕ್ಕೆ ಸೋಫರ್ ಬಂದದ್ದು ಯಾಕೆ, ಇಂಪ್ಲೈಡ್ ವೊಲಟಿಲಿಟಿ ಸ್ಟ್ರೈಕ್‌ನಿಂದ ಸ್ಟ್ರೈಕ್‌ಗೆ ಯಾಕೆ ಬದಲಾಗುತ್ತದೆ. ಗಣಿತ ಚೆನ್ನಾಗಿದ್ದೂ ಇಂಥ ಪ್ರಶ್ನೆಗೆ ತಡವರಿಸಿದರೆ, ಈ ಕೆಲಸದಲ್ಲಿ ನಿಜವಾದ ಆಸಕ್ತಿ ಇಲ್ಲವೆಂದು ಎದುರಿಗಿರುವವರು ಎಣಿಸುತ್ತಾರೆ.

ಮೊದಲ ಸೆಮಿಸ್ಟರ್‌ನಲ್ಲಿ ಕೋರ್ಸ್‌ಗಳನ್ನು ಕಡಿಮೆ ತೆಗೆದುಕೊಳ್ಳಲು ಅವಕಾಶವಿದ್ದರೆ ಹಾಗೇ ಮಾಡಿ. ಅರ್ಜಿ, ಆನ್‌ಲೈನ್ ಪರೀಕ್ಷೆ, ಸಂದರ್ಶನ ಎಲ್ಲ ಸೇರಿ ಇನ್ನೊಂದು ಕೋರ್ಸ್‌ನಷ್ಟು ಸಮಯ ತಿನ್ನುತ್ತವೆ. ಅದೇ ಕೋರ್ಸ್‌ನಲ್ಲಿ ಒಂದು ವರ್ಷ ಮುಂದಿರುವವರನ್ನು ಮಾತಾಡಿಸಿ, ಯಾವ ಸಂಸ್ಥೆ ಯಾವಾಗ ಪ್ರಕಟಣೆ ಹೊರಡಿಸಿತೆಂದು ಬರೆದಿಟ್ಟುಕೊಳ್ಳಿ. ಆ ಪಟ್ಟಿಯಷ್ಟು ಉಪಯುಕ್ತ ಮಾಹಿತಿ ಬೇರೆಲ್ಲೂ ಸಿಗದು.

ಹೆಜ್ಜೆ 8: ಆಫರ್ ಬಂದಾಗ

ಎರಡು ಆಫರ್ ಇದ್ದರೆ ಸಂಬಳಕ್ಕಿಂತ ಮೊದಲು ತಂಡವನ್ನು ನೋಡಿ. ನೀವು ಬರೆದ ಕೋಡ್ ಅಥವಾ ಮಾದರಿಯನ್ನು ಯಾರು ಬಳಸುತ್ತಾರೆ, ದಿನಕ್ಕೆ ಎಷ್ಟು ಸಲ ಅವರ ಜೊತೆ ಮಾತಾಡುತ್ತೀರಿ, ತಂಡದಲ್ಲಿ ನಿಮಗೆ ಕಲಿಸಬಲ್ಲ ಹಿರಿಯರು ಯಾರಿದ್ದಾರೆ ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೆ ಯಾರೂ ಬೇಸರಪಡುವುದಿಲ್ಲ.

ಆಮೇಲೆ ಕರಾರು ಓದಿ, ಪೂರ್ತಿ ಓದಿ. ಸೇರುವಾಗ ಕೊಡುವ ಬೋನಸ್ಸನ್ನು ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು? ಬೋನಸ್‌ನಲ್ಲಿ ಎಷ್ಟು ಭಾಗವನ್ನು ಮುಂದಿನ ವರ್ಷಗಳಿಗೆ ತಡೆಹಿಡಿಯುತ್ತಾರೆ? ಟ್ರೇಡಿಂಗ್ ಸಂಸ್ಥೆಗಳಲ್ಲಿ ಬಿಟ್ಟುಹೋದ ಮೇಲೆ ಕೆಲವು ತಿಂಗಳಿಂದ ವರ್ಷಕ್ಕೂ ಮೀರಿ ಪ್ರತಿಸ್ಪರ್ಧಿಯಲ್ಲಿ ಕೆಲಸ ಮಾಡಬಾರದೆಂಬ ಷರತ್ತು ಸಾಮಾನ್ಯ. ಆ ಅವಧಿಗೆ ಸಂಬಳ ಕೊಡುತ್ತಾರೋ ಇಲ್ಲವೋ, ಕೊಟ್ಟರೆ ಮೂಲ ಸಂಬಳ ಮಾತ್ರವೋ, ನಿಮ್ಮ ವೀಸಾ ಆ ಅವಧಿಯಲ್ಲಿ ಏನಾಗುತ್ತದೆ ಎಂಬುದನ್ನು ಸಹಿ ಹಾಕುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ.